ಕಾಸರಗೋಡಿನ ತೇವದಲ್ಲಿ ನೂಲು ಮತ್ತು ಮಗ್ಗ

ನೂಲುವುದನ್ನೂ ನೇಯುವುದನ್ನೂ ಹವ್ಯಾಸವಾಗಿ ಹಿಡಿಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಚರಕ ಕೊಳ್ಳಲಿ ಎಂದು. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ನಮ್ಮ ಕಡೆಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಯಾವ ಕೆಲಸ ಯಾವ ತಿಂಗಳಿಗೆ ಎಂದು. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೀರಿದ ಅರಳೆ (ಬೀಜ ತೆಗೆದ ಹತ್ತಿ) ಹಿಂಜುವಾಗ ಬಿಡಿಸಿಕೊಳ್ಳುವುದಿಲ್ಲ, ಸಣ್ಣ ಸಣ್ಣ ಗಂಟಾಗುತ್ತದೆ. ಅದೇ ತೇವ ಮಗ್ಗದ ಮೇಲಿನ ಹಾಸು ನೂಲಿಗೆ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳಿಗೆ, ಒಳ್ಳೆಯದು: ಹತ್ತಿ ನೂಲಿನ ಬಲ ಒದ್ದೆಯಾದಾಗ ಹೆಚ್ಚುತ್ತದೆ, ಒಣಗಿದಾಗ ಕಡಿಮೆಯಾಗುತ್ತದೆ. ನೇಕಾರರು ಕುಣಿ ತೋಡಿ ಮಗ್ಗವನ್ನು ನೆಲಮಟ್ಟದಲ್ಲಿ ಹೂಡುತ್ತಿದ್ದುದರ ಲಾಭಗಳಲ್ಲಿ ನೆಲದ ತಂಪೂ ಒಂದು. ಆದ್ದರಿಂದ ನನ್ನ ಸಲಹೆ ಇಷ್ಟು: ಬೀಜ ತೆಗೆದು ಹಿಂಜಿ ಹಂಜಿ (ನೂಲಲು ಸುತ್ತಿದ ಹತ್ತಿಯ ಸುರುಳಿ) ಮಾಡುವುದೆಲ್ಲ ಡಿಸೆಂಬರಿನಿಂದ ಮೇ ತಿಂಗಳೊಳಗೆ ಮುಗಿಯಲಿ, ಆಟಿಯ (ಜುಲೈ-ಆಗಸ್ಟಿನ) ಮಳೆಗೆ ಮಗ್ಗ ಹೂಡಿ. ನೂಲುವುದಕ್ಕೆ ಕಾಲದ ಕಟ್ಟು ಅಷ್ಟಿಲ್ಲ, ಹಂಜಿ ಮಾತ್ರ ಒಣಗಿರಬೇಕು.

ಹತ್ತಿ ಎಲ್ಲಿಂದ? ಇಷ್ಟು ಮಳೆ ಬೀಳುವ ಊರಲ್ಲಿ ಹತ್ತಿಯ ಬೇಸಾಯವಿಲ್ಲ. ಆದರೆ ದೇವರ ಬತ್ತಿಗೆಂದು ಅಂಗಳದ ಬದಿಯಲ್ಲಿ ಬಹುವಾರ್ಷಿಕ ಹತ್ತಿ ಗಿಡ ಇಟ್ಟುಕೊಂಡ ಮನೆಗಳು ಈಗಲೂ ಇವೆ. ಕಲಿಯುವುದಕ್ಕೆ ಆ ಒಂದೆರಡು ಗಿಡ ಸಾಕು. ಕೆಲವು ಗಿಡಗಳ ಕಾಯಿಯಲ್ಲಿ ಬೀಜಗಳು ಒಂದಕ್ಕೊಂದು ಅಂಟಿ ಒಂದೇ ಉಂಡೆಯಂತಿರುತ್ತವೆ. ಅಂಥದ್ದು ಸಿಕ್ಕಿದರೆ ಬಿಡಬೇಡಿ, ಎಳೆ ಬೀಜದಿಂದ ಬರಿಗೈಯಲ್ಲೇ ಬಿಟ್ಟು ಬರುತ್ತದೆ. ಮಳೆಗೆ ಸಿಕ್ಕಿದ ಕಾಯಿಯನ್ನೂ ಕೆಂಪು ತಿಗಣೆ ಕುಳಿತು ಹಳದಿ ಕಲೆಯಾದದ್ದನ್ನೂ ಬತ್ತಿಗೇ ಬಿಡಿ. ಹಾಸಿಗೆ ತುಂಬುವ ಬೂರುಗದ ಹತ್ತಿ ನೋಡಲು ನುಣುಪು, ಆದರೆ ನೂಲಾಗದು. ಹತ್ತಿಯ ಎಳೆ ಒಣಗುವಾಗ ತಾನೇ ತಿರುಚಿಕೊಳ್ಳುತ್ತದೆ, ಆ ತಿರುಚಿನಿಂದಲೇ ಎಳೆ ಎಳೆಯನ್ನು ಹಿಡಿಯುವುದು. ಬೂರುಗದ್ದು ನೇರ, ಮೇಣದಂತೆ ಜಾರುವ, ಬೇಗ ಮುರಿಯುವ ಎಳೆ.

ಗಿಡವಿಲ್ಲದವರು ಅರಳೆ ಕೊಳ್ಳಬಹುದು. ಕರ್ನಾಟಕದ ಡಿಸಿಎಚ್-32 ಉದ್ದ ಎಳೆಯ ತಳಿ, ಕಲಿಯುವವರ ಕೈಗೆ ಬೇಗ ಒಗ್ಗುತ್ತದೆ. ಧಾರವಾಡ ಕಡೆಯ ಜಯಧರ್ ಗಿಡ್ಡ ಎಳೆಯದ್ದು, ಒಳ್ಳೆಯ ಹತ್ತಿಯೇ ಆದರೂ ಮೊದಲ ತಿಂಗಳಿಗೆ ಬೇಡ. ಖಾದಿ ಆಯೋಗಕ್ಕೆ ಚಿತ್ರದುರ್ಗದಲ್ಲೂ ತೃಶೂರು ಬಳಿಯ ಕುಟ್ಟೂರಿನಲ್ಲೂ ಸ್ಲೈವರ್ ಘಟಕಗಳಿವೆ. ಅಂಥ ಕಡೆ ಯಂತ್ರದಲ್ಲಿ ಹಿಂಜಿ ಸಿದ್ಧವಾದ ಹತ್ತಿಯನ್ನೇ ಖಾದಿ ಕೇಂದ್ರಗಳು ಬಳಸುವುದು. ಹತ್ತಿರದ ಕೇಂದ್ರದಲ್ಲಿ ಕೇಳಿ 100 ಗ್ರಾಂ ತಂದುಕೊಂಡರೆ ಹಿಂಜುವ ಕೆಲಸವೇ ತಪ್ಪುತ್ತದೆ. ಆದರೂ ಒಮ್ಮೆಯಾದರೂ ಸ್ವಂತ ಹಂಜಿ ಮಾಡಬೇಕು. ನೂಲು ಕೆಡುವುದು ಹೆಚ್ಚಾಗಿ ಹಂಜಿಯಲ್ಲೇ, ಕೈಯಲ್ಲಲ್ಲ.

ಬೀಜ ತೆಗೆಯಲು ಸಮತಟ್ಟಾದ ಹಲಗೆ, ಬೆರಳು ಗಾತ್ರದ ನುಣುಪಾದ ಕಬ್ಬಿಣದ ಸರಳು ಸಾಕು. ಬಿಸಿಲಿಗೆ ಹಾಕಿದ ಹತ್ತಿಯನ್ನು ಹಲಗೆಯ ಮೇಲಿಟ್ಟು ಸರಳನ್ನು ಅಂಗೈಯಿಂದ ಒತ್ತಿ ಉರುಳಿಸಿದರೆ ಬೀಜ ಮುಂದಕ್ಕೆ ಚಿಮ್ಮುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಬೀಜ ಸಹಿತ ಹತ್ತಿಯ ತೂಕದಲ್ಲಿ ಮೂರರಲ್ಲೊಂದು ಪಾಲು ಅರಳೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಗೂಡು ಇದ್ದವರು ಅದರಲ್ಲಿ ಎರಡು ಗಂಟೆ ಇಟ್ಟರೆ ಹತ್ತಿ ಗರಿಗರಿಯಾಗುತ್ತದೆ. ಅಡುಗೆಮನೆಯ ಅಟ್ಟ ಒಣಗಿದ ಜಾಗ ಹೌದು, ಆದರೆ ಹೊಗೆಯ ಬಣ್ಣ ಹತ್ತಿಗೆ ಕೂತರೆ ಹೋಗುವುದಿಲ್ಲ.

ಹಿಂಜಲು ಸಾಕುನಾಯಿಯ ಕೂದಲು ಬಾಚುವ, ಬಾಗಿದ ತಂತಿ ಹಲ್ಲಿನ ಬ್ರಷ್ ಎರಡು ಕೊಂಡರೆ ಸಾಕು. ಒಂದಕ್ಕೆ ಒಂದು ಗ್ರಾಮಿಗಿಂತ ಹೆಚ್ಚು ಹಾಕಬಾರದು. ಹಲ್ಲಿಗೆ ಹಲ್ಲು ಕಚ್ಚಿಸದೆ ಮೇಲಿಂದ ಮೇಲೆ ಎಳೆಯಬೇಕು, ಒತ್ತಿ ಎಳೆದರೆ ಎಳೆ ತುಂಡಾಗಿ ಅದೇ ಗಂಟಾಗುತ್ತದೆ. ಬೆಳಕಿಗೆ ಹಿಡಿದು ನೋಡಿ: ಚುಕ್ಕಿಗಳಿಲ್ಲದ ತೆಳು ಹಾಳೆಯಾದಾಗ ನಿಲ್ಲಿಸಿ. ಹಿಡಿಸೂಡಿಯ ದಪ್ಪ ಕಡ್ಡಿಯೊಂದನ್ನು ಹಾಳೆಯ ಅಂಚಿಗಿಟ್ಟು ಸಡಿಲವಾಗಿ ಸುತ್ತಿ, ಕಡ್ಡಿ ಎಳೆದು ತೆಗೆದರೆ ಹಂಜಿ. ಗೇಣುದ್ದಕ್ಕಿಂತ ಕಡಿಮೆ, ಪೆನ್ಸಿಲಿಗಿಂತ ತುಸು ದಪ್ಪ. ಬಿಗಿಯಾಗಿ ಸುತ್ತಿದ ಹಂಜಿ ಎಳೆ ಬಿಡುವುದಿಲ್ಲ, ತುಂಬ ಸಡಿಲಾದರೆ ಮುದ್ದೆ ಮುದ್ದೆಯಾಗಿ ಬರುತ್ತದೆ. ಆದ ಹಂಜಿಯನ್ನು ಮುಚ್ಚಳ ಭದ್ರವಾದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಒಮ್ಮೆ ಕೂತಾಗ ಬೇಕಾದಷ್ಟೇ ಹೊರಗೆ ತೆಗೆಯಿರಿ.

ಸಾಧನದ ವಿಷಯ. ತಕಲಿಯಿಂದ, ಅಂದರೆ ಕೈಯಲ್ಲಿ ತಿರುಗಿಸಿ ನೂಲುವ ಬಿಲ್ಲೆ ಕೂರಿಸಿದ ಕಡ್ಡಿಯಿಂದ, ಶುರು ಮಾಡಿ. ಜನಿವಾರಕ್ಕೆಂದು ನೂಲುತ್ತಿದ್ದ ಹಿತ್ತಾಳೆಯ ತಕಲಿ ನಮ್ಮ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಹುಡುಕಿದರೆ ಸಿಗಬಹುದು. ಇಲ್ಲವಾದರೆ ಸೈಕಲ್ಲಿನ ಕಡ್ಡಿಗೆ ಹಿತ್ತಾಳೆಯ ಬಿಲ್ಲೆ ಕೂರಿಸಿ, ಮೇಲ್ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ ಮಾಡಿಕೊಳ್ಳಬಹುದು. ಒಟ್ಟು ತೂಕ 20 ಗ್ರಾಂ ದಾಟದಿರಲಿ. ತಕಲಿಯನ್ನು ಗಾಳಿಯಲ್ಲಿ ತೂಗಬಿಡಬಾರದು, ಹತ್ತಿಯ ಎಳೆ ಗಿಡ್ಡ, ಭಾರಕ್ಕೆ ಕಳಚುತ್ತದೆ. ನಯ ಮಾಡಿದ ಗೆರಟೆಯೊಳಗೆ ತುದಿ ಊರಿಸಿ ತಿರುಗಿಸಿ. ಪೆಟ್ಟಿಗೆ ಚರಕವನ್ನು ಕೈ ಪಳಗಿದ ಮೇಲೆ ಕೊಳ್ಳಿ. ಅದರಲ್ಲಿ ಬಲಗೈ ಚಕ್ರ ತಿರುಗಿಸುತ್ತಿರುವಾಗ ಎಡಗೈಯೊಂದೇ ಎಳೆ ಬಿಡಬೇಕು. ಎರಡನ್ನೂ ಒಟ್ಟಿಗೆ ಕಲಿಯಹೊರಟವರೇ ಹೆಚ್ಚಾಗಿ ವಾರದೊಳಗೆ ಬಿಟ್ಟುಬಿಡುವುದು.

ನೂಲುವ ಕ್ರಮದಲ್ಲಿ ತಿಳಿಯಬೇಕಾದದ್ದು ಒಂದೇ: ಹುರಿ (ನೂಲಿನ ತಿರುಚು) ತೆಳುವಾದ ಕಡೆಗೆ ಓಡುತ್ತದೆ. ಕದಿರಿನಿಂದ (ತಿರುಗಿ ನೂಲು ಸುತ್ತಿಕೊಳ್ಳುವ ಕಡ್ಡಿಯಿಂದ) ಹಂಜಿಯನ್ನು ಹಿಂದಕ್ಕೆ ಎಳೆಯುವಾಗ ನೂಲಿನಲ್ಲಿ ದಪ್ಪ ಗಂಟು ಉಳಿದರೆ ಗಾಬರಿ ಬೇಡ. ಆ ಭಾಗಕ್ಕೆ ಹುರಿ ಇನ್ನೂ ಕಡಿಮೆ ಬಿದ್ದಿರುತ್ತದೆ. ಹಂಜಿಯ ಬಾಯಿಯನ್ನು ಚಿವುಟಿ ಹಿಡಿದು ಮೆಲ್ಲಗೆ ಇನ್ನಷ್ಟು ಎಳೆದರೆ ದಪ್ಪವೇ ಜಾರಿ ತೆಳುವಾಗುತ್ತದೆ, ಆಮೇಲೆ ಉಳಿದ ಹುರಿ ಕೊಟ್ಟು ಸುತ್ತಿಕೊಳ್ಳಿ. ಹುರಿ ಪೂರ್ತಿ ಕೊಟ್ಟ ಮೇಲೆ ಎಳೆದರೆ ತುಂಡಾಗುವುದು ಪಕ್ಕದ ತೆಳು ಭಾಗವೇ. ತುಂಡಾದ ನೂಲಿನ ತುದಿಯನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ತುದಿ ಬಿಚ್ಚಿಕೊಂಡು ಮೆದುವಾಗಿದ್ದರೆ ಹುರಿ ಸಾಲಲಿಲ್ಲ. ಸುರುಳಿ ಸುತ್ತಿಕೊಂಡಿದ್ದರೆ ಹುರಿ ಹೆಚ್ಚಾಯಿತು.

ಎಷ್ಟು ಹುರಿ? ಇಂಗ್ಲಿಷ್ ಕೌಂಟು ನೂಲಿನ ತೆಳುವಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನೂಲು ತೆಳು. ಅದರ ವರ್ಗಮೂಲವನ್ನು 4ರಿಂದ ಗುಣಿಸಿದರೆ ಇಂಚಿಗೆ ಬೇಕಾದ ಸುತ್ತು ಸಿಗುತ್ತದೆ. 9ರ ಕೌಂಟಿಗೆ 12, 16ರದ್ದಕ್ಕೆ 16. ಹೊಕ್ಕಿನ (ಅಡ್ಡಕ್ಕೆ ನೇಯುವ) ನೂಲಿಗೆ ಇದಕ್ಕಿಂತ ತುಸು ಕಡಿಮೆ ಸಾಕು. ಕಲಿಯುವವರ ನೂಲು 5ರ ಕೌಂಟಿನ ಆಸುಪಾಸಿಗೆ ಬಂದರೆ ಒಳ್ಳೆಯದು, ಅದಕ್ಕೆ ಇಂಚಿಗೆ 9 ಸುತ್ತು. ಚರಕದ ಕದಿರಿಗೆ ಗುರುತು ಹಾಕಿ ಚಕ್ರದ ಒಂದು ಸುತ್ತಿಗೆ ಅದು ಎಷ್ಟು ತಿರುಗುತ್ತದೆಂದು ಎಣಿಸಿಕೊಳ್ಳಿ. 60 ಎಂದಾದರೆ ಒಂದು ಮೀಟರ್ ನೂಲಿಗೆ ಚಕ್ರದ ಸುಮಾರು ಆರು ಸುತ್ತು. ಕೌಂಟು ನೋಡಲು ಎರಡು ಕುರ್ಚಿಯ ಕಾಲುಗಳಿಗೆ ಒಂದು ಮೀಟರಿನ ಸುತ್ತಾಗುವಂತೆ 50 ಸುತ್ತು ಸುತ್ತಿ ತೂಗಿ. 6 ಗ್ರಾಂ ಇದ್ದರೆ ಅದು 5ರ ಕೌಂಟು.

ಕರಾವಳಿಯ ಗಾಳಿಗೆ ಕದಿರು ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ನೂಲಿನಿಂದ ಹೋಗದು. ಕೆಲಸ ಮುಗಿದ ಮೇಲೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ. ತೆಂಗಿನೆಣ್ಣೆ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಚಕ್ರದಿಂದ ಕದಿರಿಗೆ ಹೋಗುವ ದಾರ ಜಾರುತ್ತಿದ್ದರೆ ಜೇನುಮೇಣ ಉಜ್ಜಿ. ಅದರ ಗಂಟು ದಪ್ಪವಿದ್ದರೆ ಪ್ರತಿ ಸುತ್ತಿಗೂ ಕದಿರು ಜಗ್ಗಿ ನೂಲು ತುಂಡಾಗುತ್ತದೆ.

ನೂಲು ಸುತ್ತಿದ ಲಡಿಯನ್ನು ನಾಲ್ಕು ಕಡೆ ಎಂಟರ ಆಕಾರದಲ್ಲಿ ಸಡಿಲಾಗಿ ಕಟ್ಟಿ, ಸ್ವಲ್ಪ ಸೋಪು ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸಿ. ನೀರು ಕಂದಾಗುತ್ತದೆ, ಅದು ಹತ್ತಿಯಿಂದ ಬಿಟ್ಟ ಮೇಣ ಮತ್ತಿತರ ಕಲ್ಮಶ. ಕುದಿಸಿದ ಮೇಲೆ ಹುರಿ ನಿಲ್ಲುತ್ತದೆ, ನೂಲು ಗಂಟು ಸುತ್ತಿಕೊಳ್ಳುವುದಿಲ್ಲ.

ಇನ್ನು ಮಗ್ಗ. ಮೊದಲ ಬಟ್ಟೆಗೆ ಹಾಸು ಗಿರಣಿ ನೂಲಿನದ್ದೇ ಇರಲಿ, ಹೊಕ್ಕು ಮಾತ್ರ ಕೈನೂಲಿನದ್ದು. ಹಣಿಗೆಯ (ಹೊಕ್ಕನ್ನು ಒತ್ತುವ, ಬಾಚಣಿಗೆಯಂಥ ಚೌಕಟ್ಟಿನ) ಉಜ್ಜಾಟವನ್ನೆಲ್ಲ ತಾಳುವುದು ಹಾಸು, ಕಲಿಯುವವರ ನೂಲಿಗೆ ಆ ಬಲ ಇರುವುದಿಲ್ಲ. ಸಣ್ಣ ಕೈ ಬೈರಾಸಿನ (ಟವೆಲಿನ) ಲೆಕ್ಕ ಹೀಗೆ: 12 ಇಂಚು ಅಗಲ, ಇಂಚಿಗೆ 20 ಎಳೆ, ಒಟ್ಟು 240 ಎಳೆ. ಒಂದೊಂದು ಒಂದೂವರೆ ಮೀಟರ್ ಉದ್ದ, ಅಂದರೆ 360 ಮೀಟರ್. 2/10ರ (10ರ ಕೌಂಟಿನ ಎರಡೆಳೆ ಹೊಸೆದ) ಗಿರಣಿ ನೂಲಿನಲ್ಲಿ ಇದು ಸುಮಾರು 42 ಗ್ರಾಂ. ನೇಯಲು ಸಿಗುವುದು 80 ಸೆಂಟಿಮೀಟರ್, ಉಳಿದದ್ದು ಕಟ್ಟುವುದಕ್ಕೂ ಹೊಕ್ಕಿನ ಮೇಲೆ ಕೆಳಗೆ ಬಾಗುವುದಕ್ಕೂ ಹೋಗುತ್ತದೆ. ಹೊಕ್ಕಿಗೆ 210 ಮೀಟರ್, 5ರ ಕೌಂಟಿನಲ್ಲಿ 25 ಗ್ರಾಂ. ಹಾಳಾಗುವುದನ್ನು ಸೇರಿಸಿ 40 ಗ್ರಾಂ ಅರಳೆ ಇಟ್ಟುಕೊಂಡು ಹೊರಡಿ.

ದೊಡ್ಡ ಮಗ್ಗ ಬೇಕಿಲ್ಲ. ಹಾಸಿನ ಒಂದು ತುದಿಯನ್ನು ಜಗಲಿಯ ಕಂಬಕ್ಕೆ, ಇನ್ನೊಂದು ತುದಿಯ ಕೋಲನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡರೆ ಮೈಯೇ ಬಿಗಿ ಹೊಂದಿಸುತ್ತದೆ. ಒಂದು ಬಿಟ್ಟು ಒಂದು ಎಳೆಯನ್ನು ನೂಲಿನ ಕುಣಿಕೆಗಳಿಂದ ಒಂದು ಕೋಲಿಗೆ ಕಟ್ಟಿ. ಕುಣಿಕೆಗಳೆಲ್ಲ ಒಂದೇ ಉದ್ದವಿರಬೇಕು, ಗಿಡ್ಡವಾದವು ಬೇಗ ಮೇಲೆದ್ದು, ಹೊಕ್ಕು ಹಾಯುವ ಬಾಯಿ ಓರೆಯಾಗುತ್ತದೆ. ಉಳಿದ ಎಳೆಗಳನ್ನು ಎತ್ತಲು ಕುಣಿಕೆಯ ಹಿಂದೆ ಎರಡಿಂಚಿನ ಪಿವಿಸಿ ಪೈಪು ತೂರಿಸಿ. ಅಗಲ ಕಾಯಲು ಹಣಿಗೆ ಬೇಕೇ ಬೇಕು. ನೇಕಾರರ ಹಳೆಯ 40ನೇ ನಂಬರಿನ ಹಣಿಗೆ ಸಿಕ್ಕಿದರೆ ಅದರಲ್ಲಿ 2 ಇಂಚಿಗೆ 40 ಸಂದು, ಸಂದಿಗೊಂದು ಎಳೆ ಹಾಕಿದರೆ ನಮ್ಮ ಲೆಕ್ಕಕ್ಕೆ ಸರಿ. ಕೋಲುಗಳಿಗೆ ಅಡಿಕೆ ಸಲಾಕೆ ಚೆನ್ನಾಗಿ ಆಗುತ್ತದೆ, ಆದರೆ ಮರಳು ಕಾಗದ ಹಾಕಿ ಬಹಳ ಹೊತ್ತು ಉಜ್ಜಬೇಕು. ಒಂದು ಸಿಬಿರು ಉಳಿದರೂ ಎಳೆ ಹೋಯಿತು.

ಇನ್ನು ಹಾಸು ನೂಲಿಗೆ ಹಚ್ಚುವ ಗಂಜಿ. ಕುಚ್ಚಲಕ್ಕಿಯ ಗಂಜಿಗೆ ಅಂಟು ಸಾಲದು. ಬೆಳ್ತಿಗೆ ಅಕ್ಕಿಯ ಹಿಟ್ಟು 50 ಗ್ರಾಂ, ನೀರು ಒಂದು ಲೀಟರ್, ತೆಳುವಾಗಿ ಕಾಸಿ ಸೋಸಿ. ತೆಂಗಿನೆಣ್ಣೆ ಏಳೆಂಟು ಹನಿ ಸೇರಿಸಿದರೆ ಗಂಜಿ ಒಣಗಿ ಬಿರಿದು ಉದುರುವುದಿಲ್ಲ. ಎಳೆದು ಕಟ್ಟಿದ ಹಾಸಿಗೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಹಚ್ಚಿ, ಅರ್ಧ ಒಣಗುತ್ತಿದ್ದಂತೆ ಎಳೆಗಳನ್ನು ಕೋಲಿನಿಂದ ಬಿಡಿಸಿ. ಪೂರ್ತಿ ಒಣಗಿದ ಮೇಲೆ ಬಿಡಿಸಹೊರಟರೆ ಜುಂಗು ಏಳುತ್ತದೆ. ಮಳೆಗಾಲದ ತೊಡಕು ಇಲ್ಲೇ ಇರುವುದು: ಗಂಜಿ ಹಾಕಿದ ಹಾಸಿಗೆ ಬೂಷ್ಟು ಬರುತ್ತದೆ. ಒಂದು ದಿನ ಬಿಸಿಲು ಕಂಡಾಗ ಗಂಜಿ ಹಾಕಿ, ನಾಲ್ಕೈದು ದಿನದೊಳಗೆ ನೇಯ್ದು ಮುಗಿಸುವಷ್ಟೇ ಉದ್ದ ಹೂಡಿ. ತೋಟಕ್ಕೆ ತಂದ ಮೈಲುತುತ್ತು ಇದೆಯೆಂದು ಗಂಜಿಗೆ ಬೆರೆಸುವ ಯೋಚನೆ ಬೇಡ. ಮೈ ಒರೆಸುವ ಬಟ್ಟೆ ಇದು.

ನೇಯುವಾಗ ಎಲ್ಲರಿಗೂ ಎದುರಾಗುವುದು ಅಂಚು ಒಳಕ್ಕೆ ಸರಿಯುವುದು. ಹೊಕ್ಕನ್ನು ನೇರವಾಗಿ ಎಳೆದು ಬಡಿದರೆ ಹಾಸಿನ ಮೇಲೆ ಕೆಳಗೆ ಬಾಗಲು ನೂಲು ಸಾಲದೆ ಬಟ್ಟೆಯೇ ಕುಗ್ಗುತ್ತದೆ. ಹೊಕ್ಕನ್ನು ಬಾಯಿಯೊಳಗೆ ಓರೆಯಾಗಿ ಮೇಲಕ್ಕೆ ಬಿಟ್ಟು ಆಮೇಲೆ ಹಣಿಗೆ ಒತ್ತಿ. 12 ಇಂಚಿನಲ್ಲಿ ಅರ್ಧ ಇಂಚು ಕುಗ್ಗುವುದು ಸಹಜ. ಒಂದು ಇಂಚು ದಾಟಿದರೆ ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ಒಂದೊಂದಾಗಿ ತುಂಡಾಗುತ್ತವೆ. ಬಡಿತವೂ ಅಳತೆಯಲ್ಲಿರಲಿ: ಪ್ರತಿ ಎರಡು ಇಂಚಿಗೊಮ್ಮೆ ಎಣಿಸಿ, ಇಂಚಿಗೆ 20 ಹೊಕ್ಕು. ಹೊಕ್ಕು ಮುಗಿದಾಗ ಗಂಟು ಹಾಕದೆ ಹಳೆಯ ತುದಿಯ ಮೇಲೆ ಹೊಸದನ್ನು ಒಂದಿಂಚು ಒಟ್ಟಿಗೆ ಓಡಿಸಿ.

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಾಸರಗೋಡು ಸೀರೆಯನ್ನು ಕೈಗೆತ್ತಿಕೊಂಡು ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಆ ನೇಕಾರರ ಅಂಚು ಮೊದಲಿಂದ ಕೊನೆಯವರೆಗೆ ಒಂದೇ ಗೆರೆ. ಅಂಥ ಮಗ್ಗಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹವ್ಯಾಸಿಗಳಾದ ನಾವು ಹಣಿಗೆ, ಲಾಳಿ, ನೂಲಿನ ಲಡಿ ಕೇಳಿಕೊಂಡು ಸಹಕಾರಿ ಸಂಘದ ಬಾಗಿಲಿಗೆ ಹೋದಾಗ ಒಂದು ಸೀರೆಯನ್ನೂ ಕೊಂಡು ಬರುವುದು ನ್ಯಾಯ.

ಮಗ್ಗದಿಂದ ಇಳಿಸಿದ ಬೈರಾಸಿನ ಎರಡು ತುದಿ ಗಂಟು ಹಾಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಗಂಜಿ ಬಿಡಿಸಿ, ಬಿಸಿನೀರಲ್ಲಿ ಒಗೆಯಿರಿ. ಹತ್ತರಲ್ಲೊಂದು ಪಾಲು ಕುಗ್ಗಬಹುದು. ಒಗೆಯುವ ಮೊದಲಿನ ಅಳತೆ, ಆಮೇಲಿನ ಅಳತೆ ಎರಡನ್ನೂ ನೂಲಿನ ತುಣುಕಿನೊಂದಿಗೆ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಹಾಸಿಗೆ ಎಷ್ಟು ಎಳೆ ಎಂಬುದನ್ನು ಅದರಿಂದಲೇ ಲೆಕ್ಕ ಹಾಕಬಹುದು.