ಮಳೆಗಾಲಕ್ಕೆ ಮುಂಚೆ ಆರ್‌ಸಿ ಟ್ರಕ್

ಕೆಸರಿನಲ್ಲಿ ಆರ್‌ಸಿ ಟ್ರಕ್ (ರಿಮೋಟ್‌ನಿಂದ ಓಡಿಸುವ ಆಟದ ಗಾಡಿ) ಓಡಿಸುವ ಖುಷಿ ಒಣ ಮಣ್ಣಿನಲ್ಲಿ ಸಿಗುವುದಿಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲೇ ಅದರ ಎಲೆಕ್ಟ್ರಾನಿಕ್ಸ್‌ಗೆ ನೀರು ತಾಗದ ಹಾಗೆ ಮಾಡುತ್ತಿದ್ದೇನೆ.

ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಬೋರ್ಡನ್ನು ಹೊರಗೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಕನ್‌ಫಾರ್ಮಲ್ ಕೋಟಿಂಗ್ (ಬೋರ್ಡಿಗೆ ನೀರು ತಾಗದಂತೆ ಕಾಯುವ ತೆಳು ಪದರ) ಬಳಿದೆ. ಸಣ್ಣ ಬ್ರಷ್ ಸಾಕು. ವೈರ್ ಸಿಕ್ಕಿಸುವ ಪಿನ್‌ಗಳಿಗೆ, ಬಟನ್‌ಗೆ ಮಾತ್ರ ತಾಗಬಾರದು. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಬಳಿದ ಜಾಗವೆಲ್ಲ ನೀಲಿಯಾಗಿ ಹೊಳೆಯುತ್ತದೆ. ಚಿಪ್‌ನ ಕಾಲುಗಳ ಸಂದಿಯಲ್ಲಿ ಕಪ್ಪು ಕಂಡರೆ ಅಲ್ಲಿಗೆ ಇನ್ನೊಂದು ಕೈ.

ಬಾತ್‌ರೂಮ್ ಮೂಲೆಗೆ ಹಚ್ಚುವ, ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ದಯವಿಟ್ಟು ಬೋರ್ಡಿಗೆ ಬೇಡ. ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿಂದು ಹಾಕುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಈ ಆಮ್ಲ ಬಿಡದ ಬಗೆ) ಅಂತಲೇ ಕೇಳಿ ತಗೊಳ್ಳಿ.

ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ. ಅದರಲ್ಲಿ ಕರಗಿರುವ ಉಪ್ಪು, ಖನಿಜಗಳೇ ದಾರಿ ಮಾಡಿಕೊಡುವುದು. ಸಮುದ್ರದ ನೀರು ಅಷ್ಟು ಅಪಾಯ ಆಗುವುದು ಅದಕ್ಕೇ. ಶಾಲೆಯಲ್ಲಿ ಓದಿದ್ದ ಈ ಪಾಠ ನಿಜಕ್ಕೂ ತಲೆಗೆ ಹತ್ತಿದ್ದು ಒಂದು ಆಟದ ಗಾಡಿ ಬಿಚ್ಚಿದಾಗ. ಕೈ ಆಡಿಸಿ ಕಲಿತದ್ದು ಜಾಸ್ತಿ ದಿನ ಉಳಿಯುತ್ತದೆ, ಅಲ್ವಾ?

ಚಕ್ರ ತಿರುಗಿಸುವ ಪುಟ್ಟ ಮೋಟರ್, ಅಂದರೆ ಸರ್ವೋದ ಶಾಫ್ಟ್ ಬುಡಕ್ಕೆ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ), ಮೇಲೊಂದಿಷ್ಟು ಗ್ರೀಸ್ ಆಯ್ತು. ಗಾಡಿ ಓಡಿಸುವ ಬ್ರಷ್‌ಲೆಸ್ ಮೋಟರ್ (ಒಳಗೆ ಉಜ್ಜುವ ಬ್ರಷ್‌ಗಳಿಲ್ಲದ್ದು) ನೀರಿಗೆ ಅಷ್ಟಾಗಿ ಹೆದರುವುದಿಲ್ಲ, ಬೇರಿಂಗ್‌ಗಳಿಗೆ ಮಾತ್ರ ತುಕ್ಕು ಹಿಡಿಯುತ್ತದೆ. ಪ್ರತಿ ಸಲ ಓಡಿಸಿದ ಮೇಲೆ ಒಣಗಿಸಿ ಎಣ್ಣೆ ಬಿಡಬೇಕು. ಮೋಟರ್‌ನ ವೇಗ ನಿಯಂತ್ರಿಸುವ ಇಎಸ್‌ಸಿ ಒಂದು ಬಾಕಿ. ಭಾನುವಾರ ಬಿಚ್ಚುತ್ತೇನೆ.