ಐದು ವಿಶ್ವಕಪ್, ಒಂದೇ ನೀಲಿ ಅಂಗಿ

ದಕ್ಷಿಣ ಆಕ್ಲೆಂಡಿನಲ್ಲಿ ಕ್ರಿಕೆಟ್ ಮಾತು ತೆಗೆದರೆ ನಮ್ಮವರೂ ಪಂಜಾಬಿಗಳೂ ಕಿವಿಗೊಡುತ್ತಾರೆ. ಉಳಿದ ಬೀದಿಯೆಲ್ಲ ರಗ್ಬಿಯದು. ನಮ್ಮ ಪಕ್ಕದ ಮನೆಯವರು ಸಮೋವಾದವರು. ಭಾನುವಾರ ಚರ್ಚು ಮುಗಿದ ಮೇಲಿನ ದೊಡ್ಡ ಊಟಕ್ಕೆ ಒಮ್ಮೊಮ್ಮೆ ನಮ್ಮನ್ನೂ ಕರೆಯುತ್ತಾರೆ. ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ ಪಲುಸಾಮಿಯಲ್ಲಿ ನಮಗಾಗಿ ಮಾಂಸ ಹಾಕದ್ದನ್ನು ಬೇರೆಯೇ ಇಟ್ಟಿರುತ್ತಾರೆ. ಊಟದ ನಡುವೆ ಆ ಮನೆಯ ಹಿರಿಯರು ಸಮೋವಾದ ರಗ್ಬಿ ಆಟಗಾರ ಬ್ರಯಾನ್ ಲಿಮಾ ಕಥೆ ಶುರು ಮಾಡಿದರೆ ತಟ್ಟೆ ಒಣಗಿದರೂ ಮುಗಿಯುವುದಿಲ್ಲ.

ಲಿಮಾ 1972ರಲ್ಲಿ ಸಮೋವಾದ ರಾಜಧಾನಿ ಏಪಿಯಾದಲ್ಲಿ ಹುಟ್ಟಿದವರು. 1991ರ ರಗ್ಬಿ ವಿಶ್ವಕಪ್‌ನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಕಾರ್ಡಿಫ್‌ನಲ್ಲಿ ವೇಲ್ಸ್ ತಂಡವನ್ನು 16-13ರಿಂದ ಮಣಿಸಿದ ತಂಡದಲ್ಲಿದ್ದರು. ಆಗ ದೇಶದ ಹೆಸರು ಪಶ್ಚಿಮ ಸಮೋವಾ. ರಗ್ಬಿ ಯೂನಿಯನ್ ಎಂಬ ಈ ಬಗೆಯ ರಗ್ಬಿ ಆಗಿನ್ನೂ ಹವ್ಯಾಸಿಗಳ ಆಟ. ಆಡಿದ್ದಕ್ಕೆ ಸಂಬಳ ಕೊಡಬಹುದೆಂದು ಒಪ್ಪಿದ್ದು 1995ರ ಆಗಸ್ಟ್‌ನಲ್ಲಿ. ಮುಂದೆ ಆಕ್ಲೆಂಡ್, ನ್ಯೂಜಿಲೆಂಡಿನದೇ ಹೈಲ್ಯಾಂಡರ್ಸ್ ತಂಡ, ಜಪಾನ್, ವೇಲ್ಸ್‌ನ ಸ್ವಾನ್ಸೀ, ಇಂಗ್ಲೆಂಡಿನ ಬ್ರಿಸ್ಟಲ್ ಎಂದು ಲಿಮಾ ಊರೂರು ಸುತ್ತಿ ದುಡಿದರು. ಸುಮಾರು ಎರಡು ಲಕ್ಷ ಜನರ ದ್ವೀಪದೇಶದ ಆಟಗಾರನಿಗೆ ಹೊಟ್ಟೆಪಾಡು ಹೊರಗೇ. ಅವನ ಸಂಪಾದನೆಗೆ ಊರಿನ ಮದುವೆ, ಸಾವು, ಚರ್ಚು ಎಲ್ಲವೂ ಬಾಯಿ ತೆರೆದು ಕಾದಿರುತ್ತವೆ.

ಅಭಿಮಾನಿಗಳು ಅವರಿಗಿಟ್ಟ ಅಡ್ಡಹೆಸರು ಕೈರೋಪ್ರಾಕ್ಟರ್, ಅಂದರೆ ಕೈಯಿಂದಲೇ ಮೂಳೆ ಕೀಲು ಸರಿಪಡಿಸುವವ. ಪುತ್ತೂರು ಕಟ್ಟು ಹಾಕುವವರ ಕೆಲಸವನ್ನೇ ಇವರು ತಿರುಗಾಮುರುಗಾ ಮಾಡುತ್ತಿದ್ದರು. 2003ರ ವಿಶ್ವಕಪ್‌ನಲ್ಲಿ, ಬ್ರಿಸ್ಬೇನ್‌ನಲ್ಲಿ, ದಕ್ಷಿಣ ಆಫ್ರಿಕಾದ ಡೆರಿಕ್ ಹೌಗಾರ್ಡ್ ಮೇಲೆ ಅವರು ಎರಗಿದ ದೃಶ್ಯವನ್ನು ಹಿರಿಯರು ಮೊಬೈಲ್‌ನಲ್ಲಿ ತೋರಿಸುತ್ತಾರೆ. ಹೌಗಾರ್ಡ್ ಕಣ್ಣು ಚೆಂಡಿನ ಮೇಲಿದೆ. ಚೆಂಡು ತಲುಪುವುದಕ್ಕೂ ಲಿಮಾ ಎದೆಗೆ ಬಂದು ಅಪ್ಪಳಿಸುವುದಕ್ಕೂ ನಡುವೆ ಉಸಿರಾಡುವಷ್ಟೂ ಹೊತ್ತಿಲ್ಲ. ಆ ಪಂದ್ಯದಲ್ಲಿ ಸಮೋವಾ 60-10ರಿಂದ ಸೋತಿತು ಎಂದು ನಾನು ನೆನಪಿಸಿದರೆ ಹಿರಿಯರು ಕಿವಿಗೇ ಹಾಕಿಕೊಳ್ಳುವುದಿಲ್ಲ.

2007ರಲ್ಲಿ ಫ್ರಾನ್ಸ್‌ನಲ್ಲಿ ಆಡಿದಾಗ ಲಿಮಾ ಐದು ವಿಶ್ವಕಪ್ ಕಂಡ ಮೊದಲ ಆಟಗಾರರಾದರು. ಐದೂ ಸಮೋವಾದ ನೀಲಿ ಅಂಗಿಯಲ್ಲಿ. ನನಗೆ ದೊಡ್ಡದೆನಿಸುವುದು ಇದೇ, ಏಕೆಂದರೆ ನ್ಯೂಜಿಲೆಂಡ್ ತಂಡದ ಸೆಳೆತ ಸಾಮಾನ್ಯದ್ದಲ್ಲ. 1991ರಲ್ಲಿ ಅದೇ ತಂಡದಲ್ಲಿದ್ದ ಫ್ರಾಂಕ್ ಬನ್ಸ್ ಮರುವರ್ಷವೇ ನ್ಯೂಜಿಲೆಂಡಿನ ಕಪ್ಪು ಅಂಗಿ ತೊಟ್ಟರು. ಆಗಿನ ನಿಯಮ ಅಷ್ಟು ಸಡಿಲ. ಆಮೇಲೆ ನಿಯಮ ಬಿಗಿಯಾಗಿ, ಒಮ್ಮೆ ಕಪ್ಪು ಅಂಗಿ ತೊಟ್ಟವರು ಹಿರಿಯರ ನಾಡಿಗೆ ಆಡುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಯಿತು. ತಲೆಮಾರುಗಟ್ಟಲೆ ಸಮೋವಾ ಮೂಲದ ಹುಡುಗರ ಬಲದಲ್ಲಿ ಗೆದ್ದ ಆಲ್ ಬ್ಲ್ಯಾಕ್ಸ್, ಅಂದರೆ ಈ ಕಪ್ಪು ಅಂಗಿಯ ನ್ಯೂಜಿಲೆಂಡ್ ತಂಡ, ನಾಲ್ಕು ಗಂಟೆಯ ವಿಮಾನದ ದಾರಿಯಲ್ಲಿರುವ ಏಪಿಯಾಕ್ಕೆ ಟೆಸ್ಟ್ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯ) ಆಡಲು ಮೊದಲ ಬಾರಿ ಹೋದದ್ದು 2015ರಲ್ಲಿ! ಅಲ್ಲಿ 25-16ರಿಂದ ಗೆಲ್ಲಲು ಅವರು ಬೆವರಬೇಕಾಯಿತು.

2022ರಿಂದ ನಿಯಮ ಮತ್ತೆ ಸಡಿಲವಾಗಿದೆ. ಒಂದು ದೇಶಕ್ಕೆ ಆಡಿದವರು ಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರವಿದ್ದರೆ ತಮ್ಮ, ಇಲ್ಲವೇ ತಂದೆತಾಯಿ ಅಥವಾ ಅಜ್ಜ-ಅಜ್ಜಿಯ ಹುಟ್ಟುನಾಡಿಗೆ ಒಮ್ಮೆ ಬದಲಾಗಬಹುದು. ಹಾಗೆ ಆಲ್ ಬ್ಲ್ಯಾಕ್ಸ್‌ನಿಂದ ಬಂದ ಲಿಮಾ ಸೊಪೊಆಗಾ (ಇವರು ಬೇರೆ ಲಿಮಾ), ಚಾರ್ಲಿ ಫೌಮುಯಿನಾ 2023ರ ವಿಶ್ವಕಪ್‌ನಲ್ಲಿ ಸಮೋವಾ ತಂಡದಲ್ಲಿದ್ದರು. ಇಂಗ್ಲೆಂಡ್ ಎದುರು ಸಮೋವಾ ಸೋತದ್ದು ಒಂದೇ ಅಂಕದಿಂದ, 18-17. ಅದನ್ನು ಹಿರಿಯರು ಈಗಲೂ ಸೋಲು ಎಂದು ಒಪ್ಪುವುದಿಲ್ಲ, ನಾನೂ ವಾದಕ್ಕಿಳಿಯುವುದಿಲ್ಲ.