ಒಂದು ಬಾಟಲಿ, ಖಾಲಿ ಅಂಕಣ

ರಜೆಗೆಂದು ಬೈಲಹೊಂಗಲ ತಾಲ್ಲೂಕಿನ ತನ್ನ ಊರಿಗೆ ಬಂದಿದ್ದ ಸೈನಿಕನೊಬ್ಬ ಬೆಳಗಿನ ಓಟ ಮುಗಿಸಿ ಅಂಗಳದಲ್ಲೇ ಕುಸಿದು ತೀರಿಕೊಂಡ. ಸಾವು ಊರಿನಲ್ಲಿ ಆದದ್ದರಿಂದ ಪಂಚನಾಮೆ ಠಾಣೆಯವರು ಮಾಡಿದರು, ಶವಪರೀಕ್ಷೆ ನಮ್ಮ ಪಾಲಿಗೆ ಬಂತು. ಆಗ ನಾನು ಬೆಳಗಾವಿ ಜಿಲ್ಲೆಯ ಆಸ್ಪತ್ರೆಯೊಂದರ ಶವಾಗಾರದಲ್ಲಿ ತಂತ್ರಜ್ಞೆ.

ಜಠರ, ಸಣ್ಣ ಕರುಳು, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಾಕಿ, ಅರಗಿನ ಮೊಹರು ಒತ್ತಿ, ವಿಷಪರೀಕ್ಷೆಗೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಹೃದಯವನ್ನು ಮಾತ್ರ ಇಡಿಯಾಗಿ ಶೇ 10ರ ಫಾರ್ಮಲಿನ್‌ನಲ್ಲಿ ಇಟ್ಟೆವು. ಫಾರ್ಮಲಿನ್ ಸೇರಿದರೆ ವಿಷ ಪತ್ತೆ ಕೆಡುತ್ತದೆ. ಉಪ್ಪಿನಲ್ಲಿಟ್ಟರೆ ಸೂಕ್ಷ್ಮದರ್ಶಕದ ಪರೀಕ್ಷೆ ಕೆಡುತ್ತದೆ. ಇದನ್ನೆಲ್ಲ ನಾನು ತಪ್ಪಿಲ್ಲದೆ ಮಾಡಿದೆ. ಪೊಲೀಸರಿಗೆ ಕೊಟ್ಟ ಪ್ರತಿ ಬಾಟಲಿಗೂ ಸಹಿ ಪಡೆದೆ. ದಾಖಲೆ ಪುಸ್ತಕದಲ್ಲಿ ಹೃದಯದ ಮುಂದೆ ಬರೆದದ್ದು ‘1’ ಎಂದಷ್ಟೇ.

ಪರೀಕ್ಷೆಯ ವರದಿ ಬಂತು. ಬಾಟಲಿ ಕಪಾಟಿನಲ್ಲೇ ಉಳಿಯಿತು.

ಏಳು ತಿಂಗಳ ಬಳಿಕ ಪಿಂಚಣಿಯ ಕಾಗದಗಳಿಗಾಗಿ ತಂದೆ ಬಂದರು. ವರದಿಯ ನಕಲಿನಲ್ಲಿದ್ದ ಒಂದು ಸಾಲನ್ನು ಅವರ ಮೊಮ್ಮಗಳು ಓದಿ ಹೇಳಿದ್ದಳಂತೆ. ‘ತಂಗೀ, ನಾನು ಮಲಪ್ರಭೆಗೆ ಬಿಟ್ಟ ಬೂದಿಯಲ್ಲಿ ನನ್ನ ಮಗನ ಎದೆ ಇರಲಿಲ್ಲವೇ?’ ಎಂದು ಕೇಳಿದರು. ಬಾಟಲಿಯ ಸಂಖ್ಯೆ ನನಗೆ ಬಾಯಿಪಾಠವಿತ್ತು. ಉತ್ತರ ಇರಲಿಲ್ಲ.

ತನಿಖೆಗಾಗಿ ನಡೆಯುವ ಶವಪರೀಕ್ಷೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆ ಬೇಡವೆಂದರೆ ತಿಳಿಸುವುದೂ ಬೇಡ ಎಂದು ವರ್ಷಗಟ್ಟಲೆ ಭಾವಿಸಿಕೊಂಡಿದ್ದೆ; ತಪ್ಪು ನನ್ನದು ಅಲ್ಲಿತ್ತು. ಬ್ರಿಟನ್‌ನಲ್ಲೂ ಬಿರುಕು ಇದೇ ಜಾಗದಲ್ಲಿ ಬಿಟ್ಟಿತ್ತು. ಲಿವರ್‌ಪೂಲ್‌ನ ಆಲ್ಡರ್ ಹೇ ಆಸ್ಪತ್ರೆಯಲ್ಲಿ ಮಕ್ಕಳ ಅಂಗಗಳನ್ನು ಹೆತ್ತವರಿಗೆ ಹೇಳದೆ ಇಟ್ಟುಕೊಂಡದ್ದು ಬಯಲಾದ ಮೇಲೆ 2004ರಲ್ಲಿ ಅಲ್ಲಿ ಮಾನವ ಅಂಗಾಂಶ ಕಾಯ್ದೆ ಬಂತು. ಆದರೆ ಅಪರಾಧ ತನಿಖೆಗೆಂದು ಇಟ್ಟುಕೊಂಡದ್ದು ಅದರ ಹಿಡಿತದ ಹೊರಗೇ ಉಳಿಯಿತು. ಅಫ್ಘಾನಿಸ್ತಾನದಲ್ಲಿ ಮಡಿದ ಬ್ರಿಟಿಷ್ ಸೈನಿಕರ ಅಂಗಗಳನ್ನೂ ಅಂಗಾಂಶಗಳನ್ನೂ ಸೇನಾ ಪೊಲೀಸರು ಕುಟುಂಬಗಳಿಗೆ ತಿಳಿಸದೆ ಇರಿಸಿಕೊಂಡಿದ್ದದ್ದು 2012ರಲ್ಲಿ ಹೊರಬಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನನ್ನ ದಾಖಲೆ ಪುಸ್ತಕದಲ್ಲಿ ನಾಲ್ಕು ಅಂಕಣಗಳು ಹೆಚ್ಚಿವೆ: ಏನನ್ನು ಇಟ್ಟುಕೊಂಡೆವು, ಮನೆಯಲ್ಲಿ ಯಾರಿಗೆ ಹೇಳಿದೆವು, ಹೇಳಿದವರು ಯಾರು, ಪರೀಕ್ಷೆ ಮುಗಿದ ಮೇಲೆ ಅವರು ಬಯಸುವುದೇನು. ಶವ ಒಪ್ಪಿಸುವ ಮುನ್ನವೇ ಇವು ತುಂಬಬೇಕು. ಪ್ರತಿ ತಿಂಗಳ ಮೊದಲ ಸೋಮವಾರ ವೈದ್ಯರೊಬ್ಬರು ಪುಸ್ತಕ ಹಿಡಿದು ಕಪಾಟಿನ ಮುಂದೆ ನಿಂತು ಬಾಟಲಿಗಳನ್ನು ಎಣಿಸುತ್ತಾರೆ. ಇಟ್ಟವಳೇ ಎಣಿಸಿದರೆ ಅದು ಎಣಿಕೆಯಲ್ಲ ಎಂದು ಹಟ ಹಿಡಿದು ಈ ಏರ್ಪಾಡು ಮಾಡಿಸಿದೆ.

ಆ ಸೈನಿಕನ ಹೃದಯವನ್ನು ಮನೆಯವರಿಗೆ ಒಪ್ಪಿಸಲು ತನಿಖಾಧಿಕಾರಿಯ ಪತ್ರ ಬರಲು ಹನ್ನೊಂದು ದಿನ ಹಿಡಿಯಿತು. ಅವನ ತಂದೆ ಹೊಸ ಧೋತರವೊಂದನ್ನು ಮಡಿಸಿ ತಂದಿದ್ದರು. ಮುಚ್ಚಿದ ಡಬ್ಬಿಯನ್ನು ಅದರಲ್ಲಿ ಸುತ್ತಿ ಕೊಟ್ಟೆ. ಹೊಲದ ಬದುವಿನಲ್ಲಿ, ಮಗ ನೆಟ್ಟ ಬೇವಿನ ಬುಡದಲ್ಲಿ ಮಣ್ಣು ಮಾಡುವುದಾಗಿ ಹೇಳಿದರು. ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ಬಸ್ ನಿಲ್ದಾಣದತ್ತ ನಡೆದರು.